ಸಣ್ಣ ವ್ಯಾಪಾರಿಗಳೂ ಜಾಲತಾಣವೂ

ಶ್ರೀನಿವಾಸಪುರದ ಕಡೆ ಮಾವಿನ ತೋಪುಳ್ಳ ಗೃಹಸ್ಥರೊಬ್ಬರು ನಮಗೆ ಬಹುಕಾಲದಿಂದ ಪರಿಚಿತರು. ವರ್ಷವರ್ಷವೂ ಹಣ್ಣನ್ನು ಮಂಡಿಗೆ ಸುರಿದು, ದಲ್ಲಾಳಿ ಹೇಳಿದ ಬೆಲೆಗೆ ಒಪ್ಪಿ ಹಿಂದಿರುಗುವುದು ಅವರಿಗೆ ಸಾಕಾಗಿದ್ದಿತು. ತಿನ್ನುವವರ ಮನೆಗೇ ಹಣ್ಣನ್ನು ನೇರವಾಗಿ ಮುಟ್ಟಿಸಬೇಕೆಂದು ನಿಶ್ಚಯಿಸಿ, ತೋಪಿನ ಹೆಸರಿನಲ್ಲಿ ಒಂದು ಜಾಲತಾಣವನ್ನು ಮಾಡಿಸಿದರು. ಬೆಂಗಳೂರಿನಲ್ಲಿ ಓದುತ್ತಿದ್ದ ನೆಂಟರ ಹುಡುಗನೊಬ್ಬನು ನಾಲ್ಕು ದಿವಸಗಳಲ್ಲಿ ಅದನ್ನು ಕಟ್ಟಿಕೊಟ್ಟನು. ಕಾಸು ಕೇಳಲಿಲ್ಲ, ಒಂದು ಬುಟ್ಟಿ ಹಣ್ಣು ತೆಗೆದುಕೊಂಡು ಹೋದನು. ಎರಡು ಸುಗ್ಗಿಗಳು ಸುಖವಾಗಿ ಕಳೆದುವು. ಮೂರನೆಯ ವರ್ಷ ವೈಶಾಖದಲ್ಲಿ, ರಸಪುರಿ ಕೊಯ್ಲಿಗೆ ಬಂದ ವಾರವೇ, ಹಳೆಯ ಗಿರಾಕಿಯೊಬ್ಬರು ದೂರವಾಣಿಯಲ್ಲಿ, “ಏನು ಸ್ವಾಮಿ, ನಿಮ್ಮ ತೋಪಿನ ವಿಳಾಸ ಒತ್ತಿದರೆ ಜೂಜಿನ ಆಟ ಬರುತ್ತದಲ್ಲ! ವ್ಯಾಪಾರ ಬದಲಾಯಿಸಿದಿರೋ?” ಎಂದು ಕೇಳಿದರು.

ವಿಚಾರಿಸಲಾಗಿ ತಿಳಿದುಬಂದ ಸಂಗತಿಯಿದು. ತಾಣದ ಹೆಸರನ್ನು ಆ ಹುಡುಗನು ತನ್ನ ಕಾಲೇಜಿನ ಮಿಂಚಂಚೆಯ ಮೇಲೆ ನೋಂದಾಯಿಸಿದ್ದನು. ಅನಂತರ ಅವನಿಗೆ ಪರದೇಶದಲ್ಲಿ ಕೆಲಸವಾಯಿತು. ‘ಅವಧಿ ಮುಗಿಯುತ್ತದೆ, ಹಣ ಕಟ್ಟಿ’ ಎಂಬ ಎಚ್ಚರಿಕೆಯ ಪತ್ರಗಳೆಲ್ಲವೂ ಯಾರೂ ತೆರೆಯದ ಆ ಪೆಟ್ಟಿಗೆಗೇ ಹೋಗಿ ಬಿದ್ದುವು. ಗಡುವು ಮೀರಿತು, ಹೆಸರನ್ನು ಬೇರೆ ಯಾರೋ ಕೊಂಡುಕೊಂಡರು. ಆರ್ಡರುಗಳ ಲೆಕ್ಕವೂ, ಎರಡು ವರ್ಷದ ಗಿರಾಕಿಗಳ ವಿಳಾಸಗಳೂ ತಾಣದೊಡನೆಯೇ ಹೋದುವು. ಆ ವರ್ಷದ ಹಣ್ಣು ಮರಳಿ ಮಂಡಿಯ ದಾರಿಯನ್ನೇ ಹಿಡಿಯಿತು. ಮಾವಿನ ಬೆಳೆಗಾರನ ಪಾಲಿಗೆ ವರ್ಷವೆಂದರೆ ಮೇ ತಿಂಗಳಿಂದ ಜುಲೈವರೆಗಿನ ಹತ್ತು ಹನ್ನೆರಡು ವಾರಗಳು ಮಾತ್ರವಷ್ಟೆ. ಅದರಲ್ಲಿ ಮೂರು ವಾರ ಬಾಗಿಲು ಮುಚ್ಚಿದರೆ ಮಗಳ ಮದುವೆಯೋ ಬ್ಯಾಂಕಿನ ಸಾಲವೋ ಒಂದು ವರ್ಷ ಮುಂದಕ್ಕೆ ಹೋಯಿತೆಂದೇ ಅರ್ಥ.

ಜಾಲತಾಣವನ್ನು ಕಟ್ಟಿಕೊಡುವೆವೆನ್ನುವವರು ಈಗ ಬೀದಿಗೊಬ್ಬರಿದ್ದಾರೆ. ಕಟ್ಟಿದ ಮೇಲೆ ಅದನ್ನು ಕಾಪಾಡುವ ಬಗೆಯನ್ನು ಹೇಳಿಕೊಡುವವರು ವಿರಳ. ಆದುದರಿಂದ ಸಣ್ಣ ವ್ಯಾಪಾರವುಳ್ಳ ಗೃಹಸ್ಥರಿಗೆ ಉಪಯೋಗವಾಗಬಹುದೆಂದು, ನಾವು ಕಂಡು ಕೇಳಿ ತಿಳಿದ ಕೆಲವು ವಿಷಯಗಳನ್ನು ಇಲ್ಲಿ ಬರೆಯುತ್ತೇವೆ.

ಯಾರಿಗೆ ಎಂತಹ ತಾಣ

ಜಾಲತಾಣವೆಂದರೆ ಹೆದರತಕ್ಕ ವಸ್ತುವೇನೂ ಅಲ್ಲ. ನಮ್ಮ ಹಿರಿಯರು ಅಂಗಡಿಯ ಬೆಲೆಪಟ್ಟಿಯನ್ನು ಅಂಚೆಯಲ್ಲಿ ತರಿಸಿಕೊಂಡು, ವಿ.ಪಿ. ಮೂಲಕ ಸಾಮಾನು ತರಿಸುತ್ತಿದ್ದರು. ಆ ಬೆಲೆಪಟ್ಟಿ, ಅಂಗಡಿಯ ಹಲಗೆ, ಗಲ್ಲಾಪೆಟ್ಟಿಗೆ, ಪತ್ರದ ಚೀಲ ಇವು ನಾಲ್ಕೂ ಒಂದೆಡೆ ಸೇರಿದರೆ ಜಾಲತಾಣವಾಯಿತು. ಯೂರೋಪಿನ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಇದರ ಯೋಜನೆಯನ್ನು ಮುಂದಿಟ್ಟರು. 1993ರಲ್ಲಿ ಆ ಸಂಸ್ಥೆಯು ಯಾರಿಂದಲೂ ಕಾಣಿಕೆ ಬೇಡದೆ ಅದನ್ನು ಲೋಕಕ್ಕೆ ಬಿಟ್ಟುಕೊಟ್ಟಿತು. ನಮ್ಮ ದೇಶದ ಸಾಮಾನ್ಯ ಜನರಿಗೆ ಅಂತರಜಾಲವು ದೊರೆತುದು 1995ರ ಆಗಸ್ಟ್ 15ರಿಂದ.

ಆದರೆ ಎಲ್ಲ ವ್ಯಾಪಾರಕ್ಕೂ ಒಂದೇ ಅಳತೆಯ ಅಂಗಿ ಒಗ್ಗದು. ಕೋಲಾರದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿ ಟೊಮ್ಯಾಟೊ ಮಾರುವ ರೈತನಿಗೆ 15 ಕಿಲೋ ಪೆಟ್ಟಿಗೆಯ ಬೆಲೆಯನ್ನು ಗೊತ್ತುಮಾಡುವುದು ಅಂದಿನ ಹರಾಜು. ಅವನಿಗೆ ಜಾಲತಾಣದಿಂದ ಹೆಚ್ಚಿನ ಪ್ರಯೋಜನವಿಲ್ಲ. ಅದೇ ರೈತನಿಗೆ ನಾರು ಮಾರುವ ನರ್ಸರಿಯವರಿಗೆ ಪ್ರಯೋಜನವುಂಟು. ಯಾವ ತಳಿಯ ನಾರು ಯಾವ ತಾರೀಖಿಗೆ ಸಿದ್ಧವೆಂಬುದು ತಿಳಿದರೆ, ಇಪ್ಪತ್ತು ಮೈಲಿಯಾಚೆಯವನೂ ವೃಥಾ ಅಲೆಯದೆ ಬರುತ್ತಾನೆ. ಮುಳಬಾಗಿಲಿನ ದೋಸೆಯ ಹೋಟೆಲಿಗೆ ಒಂದೇ ಪುಟ ಸಾಕು: ಎಷ್ಟು ಹೊತ್ತಿಗೆ ತೆರೆಯುತ್ತದೆ, ವಾರದಲ್ಲಿ ಎಂದು ರಜ, ಹೆದ್ದಾರಿಯಿಂದ ಯಾವ ತಿರುವು, ಕಾರು ನಿಲ್ಲಿಸಲು ಸ್ಥಳವಿದೆಯೇ, ಇಷ್ಟು ಹೇಳಿದರೆ ತಿರುಪತಿಗೆ ಹೊರಟ ಸಂಸಾರಕ್ಕೆ ಬೇಕಾದುದೆಲ್ಲ ದೊರೆಯಿತು. ಮಾಲೂರಿನ ಇಟ್ಟಿಗೆ, ಹೆಂಚುಗಳ ವ್ಯಾಪಾರಿಯನ್ನು ಗಿರಾಕಿಯು ಕೇಳುವುದು ಬೇರೆ: ಇಟ್ಟಿಗೆಯ ಉದ್ದಗಲವೆಷ್ಟು, ಒಂದು ಲೋಡಿಗೆ ಎಷ್ಟು ಬರುತ್ತದೆ, ಹೊಸೂರಿಗೋ ವೈಟ್‌ಫೀಲ್ಡಿಗೋ ಮುಟ್ಟಿಸಿದರೆ ಬಾಡಿಗೆ ಸೇರಿ ಬೆಲೆಯೇನು? ಈ ಮೂರಕ್ಕೆ ಉತ್ತರವಿಲ್ಲದ ತಾಣದಲ್ಲಿ ಗೂಡಿನ ಚಿತ್ರಗಳು ಎಷ್ಟು ಸೊಗಸಾಗಿದ್ದರೂ ವ್ಯರ್ಥ. ಇನ್ನು ಶ್ರೀನಿವಾಸಪುರದ ಮಾವಿನವರಿಗೆ ಆರ್ಡರು ಪಡೆಯುವ, ಹಣ ಪಡೆಯುವ ಏರ್ಪಾಡೂ ಬೇಕಾಗುತ್ತದೆ.

ಹೀಗೆ ಹಾಸಿಗೆ ಇದ್ದಷ್ಟು ಕಾಲು ಚಾಚುವುದೇ ಲೇಸು. ಕಳೆದ ಒಂದು ತಿಂಗಳಲ್ಲಿ ಗಿರಾಕಿಗಳು ದೂರವಾಣಿಯಲ್ಲಿ ಕೇಳಿದ ಪ್ರಶ್ನೆಗಳನ್ನು ಒಂದು ಕಾಗದದ ಮೇಲೆ ಬರೆಯಿರಿ. ಅವುಗಳಲ್ಲಿ ಪದೇಪದೇ ಬಂದ ಹತ್ತು ಪ್ರಶ್ನೆಗಳಿಗೆ ಉತ್ತರ ಬರೆದರೆ, ನಿಮ್ಮ ತಾಣದ ಮುಕ್ಕಾಲು ಪಾಲು ಸಿದ್ಧವಾದಂತೆಯೇ.

ಬೀಗದ ಕೈ ಯಾರ ಹತ್ತಿರ

ನಮ್ಮ ಮಿತ್ರರಿಗಾದ ಕಷ್ಟದ ಮೂಲವು ಇಲ್ಲಿದೆ. ಜಾಲತಾಣಕ್ಕೆ ಮೂರು ಬೀಗದ ಕೈಗಳುಂಟು. ಮೊದಲನೆಯದು, ತಾಣದ ಹೆಸರು. ಇದನ್ನು ಡೊಮೈನ್ ಎನ್ನುತ್ತಾರೆ. ಎರಡನೆಯದು, ತಾಣವು ನೆಲೆಸಿರುವ ಬಾಡಿಗೆಯ ಜಾಗ. ಇದಕ್ಕೆ ಹೋಸ್ಟಿಂಗ್ ಎಂದು ಹೆಸರು. ಮೂರನೆಯದು, ಈ ಎರಡಕ್ಕೂ ಸಂಬಂಧಿಸಿದ ಪತ್ರಗಳು ಬಂದು ಸೇರುವ ಮಿಂಚಂಚೆಯ ಪೆಟ್ಟಿಗೆ. ಈ ಮೂರೂ ಯಜಮಾನರ ಹೆಸರಿನಲ್ಲಿಯೇ, ಅವರ ದೂರವಾಣಿಯ ಸಂಖ್ಯೆಯ ಮೇಲೆಯೇ ಇರತಕ್ಕದ್ದು. ತಾಣವನ್ನು ಕಟ್ಟಿದವನು ಮೇಸ್ತ್ರಿ. ಮೇಸ್ತ್ರಿಯ ಹೆಸರಿಗೆ ಮನೆಯ ಪತ್ರವನ್ನು ಯಾರಾದರೂ ಬರೆಯಿಸುವರೇ? ಕೆಲಸ ಮಾಡುವುದಕ್ಕೆ ಅವನಿಗೆ ಬೇರೊಂದು ಪ್ರವೇಶವನ್ನು ಕೊಡಬಹುದು. ಕೆಲಸ ಮುಗಿದ ದಿವಸ ಅದನ್ನು ತೆಗೆದುಹಾಕಬಹುದು. ಇದರಲ್ಲಿ ಅಪನಂಬಿಕೆಯ ಮಾತೇನೂ ಇಲ್ಲ. ಆ ಹುಡುಗನೂ ಒಳ್ಳೆಯವನೇ ಆಗಿದ್ದನಲ್ಲವೆ?

ಹೆಸರನ್ನು ಕೊಳ್ಳುವಾಗ ಎರಡು ಸಂಗತಿಗಳು ನೆನಪಿನಲ್ಲಿರಲಿ. ಮೊದಲ ವರ್ಷದ ಬೆಲೆ ಕಡಮೆಯಿದ್ದು, ಮುಂದಿನ ವರ್ಷದಿಂದ ಅದು ಏರುವುದು ವಾಡಿಕೆ. ಆದುದರಿಂದ ನವೀಕರಣದ ದರವನ್ನು ಮೊದಲೇ ಕೇಳಿಕೊಳ್ಳಬೇಕು. ಎರಡನೆಯದಾಗಿ, ಅವಧಿ ಮೀರಿದೊಡನೆ ಹೆಸರು ಕೈತಪ್ಪುವುದಿಲ್ಲ. ‘ಡಾಟ್ ಕಾಂ’ ಹೆಸರುಗಳಿಗಾದರೆ, ನೋಂದಣಿ ರದ್ದಾದ ಮೇಲೂ 30 ದಿವಸಗಳ ಕಾಲ ಹೆಚ್ಚಿನ ದಂಡ ತೆತ್ತು ಬಿಡಿಸಿಕೊಳ್ಳುವ ಅವಕಾಶವುಂಟು. ಅದೂ ಮೀರಿದರೆ ಹೆಸರು ಸಂತೆಗೆ ಬಂದಂತೆಯೇ. ‘ಡಾಟ್ ಇನ್’ ಹೆಸರುಗಳ ಮೇಲ್ವಿಚಾರಣೆಯನ್ನು ನಿಕ್ಸಿ ಎಂಬ ಭಾರತೀಯ ಸಂಸ್ಥೆ ನೋಡಿಕೊಳ್ಳುತ್ತದೆ. ಕನ್ನಡ ಲಿಪಿಯಲ್ಲಿಯೇ ‘ಡಾಟ್ ಭಾರತ’ ಎಂದು ಕೊನೆಗೊಳ್ಳುವ ಹೆಸರುಗಳೂ ದೊರೆಯುತ್ತವೆ. ಸಾಧ್ಯವಿದ್ದವರು ಮೂರು ಅಥವಾ ಐದು ವರ್ಷಗಳಿಗೆ ಒಟ್ಟಿಗೆ ಕಟ್ಟಿಬಿಡುವುದು ನೆಮ್ಮದಿ.

“ಇಷ್ಟೆಲ್ಲ ಏಕೆ? ವಾಟ್ಸಾಪಿನಲ್ಲಿಯೋ ಫೇಸ್‌ಬುಕ್ಕಿನಲ್ಲಿಯೋ ಪುಕ್ಕಟೆಯಾಗಿ ಅಂಗಡಿ ಇಡಬಹುದಲ್ಲ?” ಎಂದು ಕೆಲವರು ಶಂಕಿಸಬಹುದು. ಇಡಬಹುದು, ಇಡಲೂ ಬೇಕು. ಆದರೆ ಅವು ಪರರ ಜಗಲಿಗಳೆಂಬುದನ್ನು ಮರೆಯಬಾರದು. 2020ರ ಜೂನ್ 29ರಂದು ಸರ್ಕಾರವು ಟಿಕ್‌ಟಾಕನ್ನು ನಿಷೇಧಿಸಿದಾಗ ಅದರ ಮೇಲೆಯೇ ಗಿರಾಕಿಗಳನ್ನು ಕೂಡಿಸಿಕೊಂಡಿದ್ದವರ ಬಾಗಿಲು ಒಂದೇ ರಾತ್ರಿಯಲ್ಲಿ ಮುಚ್ಚಿತು. ಗೂಗಲ್ ಸಂಸ್ಥೆಯು ಸಣ್ಣ ವ್ಯಾಪಾರಿಗಳಿಗೆ ಉಚಿತವಾಗಿ ಕಟ್ಟಿಕೊಡುತ್ತಿದ್ದ ತಾಣಗಳನ್ನು 2024ರ ಮಾರ್ಚಿನಲ್ಲಿ ನಿಲ್ಲಿಸಿಬಿಟ್ಟಿತು. ನಮ್ಮ ಮಾವಿನ ವಿಷಯದಲ್ಲಿಯೂ ಹೀಗೆಯೇ ಎರಡು ದಾರಿಗಳನ್ನು ಕೂಡಿಸಿಕೊಳ್ಳಬೇಕು. 2019ರಲ್ಲಿ ಕರ್ನಾಟಕ ರಾಜ್ಯದ ಮಾವು ನಿಗಮವೂ ಅಂಚೆ ಇಲಾಖೆಯೂ ಸೇರಿ, ‘ಕರ್ಸಿರಿ’ ಎಂಬ ತಾಣದ ಮೂಲಕ ಬೆಂಗಳೂರಿನ ಮನೆಗಳಿಗೆ 3 ಕಿಲೋ ಪೆಟ್ಟಿಗೆಗಳಲ್ಲಿ ಬೆಳೆಗಾರರ ಹಣ್ಣನ್ನು ಮುಟ್ಟಿಸುವ ಏರ್ಪಾಡನ್ನು ಮೊದಲುಮಾಡಿದುವು. ಇದು ಬಹು ಒಳ್ಳೆಯ ಕೆಲಸ. ಅಂತಹ ಸಾರ್ವಜನಿಕ ಚಾವಡಿಯಲ್ಲಿ ನಿಮ್ಮ ಬುಟ್ಟಿಯನ್ನು ಅವಶ್ಯವಾಗಿ ಇಡಿರಿ. ಆದರೆ ಹಣ್ಣು ಮೆಚ್ಚಿದವನು ಮುಂದಿನ ವರ್ಷ ಹುಡುಕಿಕೊಂಡು ಬರುವುದಕ್ಕೆ ಸ್ವಂತ ಬಾಗಿಲೂ ಒಂದಿರಲಿ.

ಬರವಣಿಗೆಯೂ ಚಿತ್ರಗಳೂ

ತಾಣದ ಮೊದಲ ಪುಟದಲ್ಲಿಯೇ ಅಂಗಡಿಯ ಹೆಸರು, ಮಾರುವ ಸರಕು, ಊರು, ದೂರವಾಣಿಯ ಸಂಖ್ಯೆ, ವ್ಯಾಪಾರದ ಹೊತ್ತು ಕಾಣಬೇಕು. ನಮ್ಮ ಜನರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿಯೇ ನೋಡುವವರು; ಆದುದರಿಂದ ಸಂಖ್ಯೆಯ ಮೇಲೆ ಬೆರಳಿಟ್ಟೊಡನೆ ಕರೆ ಹೋಗುವಂತಿರಬೇಕು. ಮೊಬೈಲಿನಲ್ಲಿ ತೆಗೆದ ಒಂದೊಂದು ಚಿತ್ರವೂ ಮೂರು ನಾಲ್ಕು ಮೆಗಾಬೈಟ್ ತೂಗುತ್ತದೆ. ಅಂತಹ ಹತ್ತು ಚಿತ್ರಗಳನ್ನು ಹಾಗೆಯೇ ತುಂಬಿದರೆ, ಸಿಗ್ನಲ್ ಕ್ಷೀಣವಾಗಿರುವ ಹಳ್ಳಿಯಲ್ಲಿ ಪುಟವು ತೆರೆಯುವ ಮೊದಲೇ ಗಿರಾಕಿಯು ಎದ್ದುಹೋಗುತ್ತಾನೆ. ಪ್ರತಿಯೊಂದು ಚಿತ್ರವನ್ನೂ 200 ಕಿಲೋಬೈಟಿನ ಒಳಗೆ ಇಳಿಸುವುದು ಒಳ್ಳೆಯದು. ಚಿತ್ರವು ನಿಮ್ಮ ತೋಪಿನದೇ ಆಗಿರಲಿ. ಎಲ್ಲಿಂದಲೋ ತಂದ ಹೊಳೆಯುವ ಹಣ್ಣಿನ ಚಿತ್ರವನ್ನು ತೋರಿಸಿ, ಚುಕ್ಕೆಯುಳ್ಳ ಹಣ್ಣನ್ನು ಕಳುಹಿಸಿದರೆ ಜಗಳಕ್ಕೆ ನಾವೇ ಕರೆ ಕಳುಹಿಸಿದಂತಾಗುವುದು.

ಕನ್ನಡವನ್ನು ಯೂನಿಕೋಡ್ ಕ್ರಮದಲ್ಲಿಯೇ ಅಚ್ಚಿಸಬೇಕು. ಹಳೆಯ ಅಕ್ಷರ ವಿನ್ಯಾಸಗಳಲ್ಲಿ ಬರೆದುದು ನಮ್ಮ ಗಣಕದಲ್ಲಿ ಚೆನ್ನಾಗಿ ಕಂಡರೂ, ಬೇರೆಯವರ ಮೊಬೈಲಿನಲ್ಲಿ ಅರ್ಥವಿಲ್ಲದ ಗೀಚಾಗಿ ಕಾಣುತ್ತದೆ. ಹುಡುಕುವ ಯಂತ್ರಕ್ಕಂತೂ ಅದು ಕನ್ನಡವೆಂದೇ ತಿಳಿಯುವುದಿಲ್ಲ. ಬರೆಹವನ್ನು ಚಿತ್ರವಾಗಿ ಮಾಡಿ ಅಂಟಿಸುವುದರಲ್ಲಿಯೂ ಇದೇ ದೋಷ. ನಮ್ಮ ಊರುಗಳ ಹೆಸರನ್ನು ಜನರು ನಾನಾ ಬಗೆಯಾಗಿ ಬರೆಯುತ್ತಾರೆ: ಮುಳಬಾಗಿಲು, ಮುಳುಬಾಗಿಲು, ಇಂಗ್ಲಿಷಿನಲ್ಲಿ ಮುಲ್ಬಾಗಲ್; ಶ್ರೀನಿವಾಸಪುರ, ಶ್ರೀನಿವಾಸ್‌ಪುರ. ಈ ರೂಪಗಳೆಲ್ಲವೂ ತಾಣದಲ್ಲಿ ಎಲ್ಲಿಯಾದರೂ ಒಂದೆಡೆ ಬಂದಿದ್ದರೆ, ಯಾವ ರೂಪವನ್ನು ಹಿಡಿದು ಹುಡುಕಿದರೂ ನಿಮ್ಮ ಬಾಗಿಲು ಸಿಗುತ್ತದೆ. ಗಡಿಯ ಸೀಮೆಯಾದುದರಿಂದ ತೆಲುಗಿನಲ್ಲಿಯೂ ಇಂಗ್ಲಿಷಿನಲ್ಲಿಯೂ ಒಂದೊಂದು ಪುಟವಿದ್ದರೆ ಮತ್ತೂ ಒಳ್ಳೆಯದು. ‘ಅತ್ಯುತ್ತಮ’, ‘ಅದ್ವಿತೀಯ’, ‘ಜಗತ್ಪ್ರಸಿದ್ಧ’ ಎಂಬ ಮಾತುಗಳು ಬೇಡ, ಮಾಸ್ತಿಯವರೂ ಡಿ.ವಿ.ಜಿ.ಯವರೂ ಹುಟ್ಟಿದ ಈ ಜಿಲ್ಲೆಯಲ್ಲಿ ಸರಳವಾದ ಕನ್ನಡಕ್ಕೆ ಬರಗಾಲವಿರಬೇಕಾದುದಿಲ್ಲ.

ಹಣ್ಣಿನವರು ಇನ್ನೊಂದು ಮಾತನ್ನು ತಪ್ಪದೆ ಬರೆಯಬೇಕು: ಹಣ್ಣು ಹೇಗೆ ಮಾಗಿತು? ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದನ್ನು ನಮ್ಮ ಆಹಾರದ ಕಾನೂನು ನಿಷೇಧಿಸಿದೆ. “ಬಲಿತ ಕಾಯನ್ನು ಕೊಯ್ದು ಹುಲ್ಲಿನಲ್ಲಿಟ್ಟು ಕಳುಹಿಸುತ್ತೇವೆ, ಕೈಗೆ ಬಂದಾಗ ತುಸು ಗಟ್ಟಿಯಾಗಿರುತ್ತದೆ, ಕೆಲವು ದಿವಸ ಕಾದು ತಿನ್ನಿ, ಅಲ್ಲಿಯವರೆಗೆ ತಂಗಳುಪೆಟ್ಟಿಗೆಯಲ್ಲಿ ಇಡಬೇಡಿ” ಎಂಬ ನಾಲ್ಕು ಸಾಲು, ಬರಬಹುದಾದ ದೂರುಗಳಲ್ಲಿ ಅರ್ಧವನ್ನು ಮೊದಲೇ ತಡೆಯುತ್ತದೆ.

ನಿತ್ಯ ನೈಮಿತ್ತಿಕಗಳು

ಕೆಲವರು ಜಾಲತಾಣವನ್ನು ಗೋಡೆಯ ಮೇಲೆ ಬರೆಯಿಸಿದ ಹಲಗೆಯೆಂದು ಎಣಿಸುತ್ತಾರೆ. ಒಮ್ಮೆ ಬರೆಯಿಸಿದರೆ ಹತ್ತು ವರ್ಷ ತಿರುಗಿ ನೋಡಬೇಕಾದುದಿಲ್ಲವೆಂದು ಭಾವಿಸುತ್ತಾರೆ. ಅದು ಹಲಗೆಯಲ್ಲ, ಹೊಸ್ತಿಲು. ಹೊಸ್ತಿಲನ್ನು ದಿನವೂ ಸಾರಿಸಿ ರಂಗವಲ್ಲಿ ಇಡದ ಮನೆಗೆ ಬಂದವರು, ಒಳಗೆ ಯಾರೂ ಇಲ್ಲವೆಂದೇ ತಿಳಿಯುತ್ತಾರಷ್ಟೆ. ಹೋದ ವರ್ಷದ ಬೆಲೆಯನ್ನೂ, ಮುಗಿದುಹೋದ ಹಬ್ಬದ ರಿಯಾಯಿತಿಯನ್ನೂ ತೋರಿಸುತ್ತಿರುವ ತಾಣದ ಗತಿಯೂ ಇದೇ. ಆದರೆ ಈ ಕೆಲಸಕ್ಕೆ ದಿನವೆಲ್ಲ ಬೇಕಾಗಿಲ್ಲ, ಕ್ರಮವಿದ್ದರೆ ಸಾಕು.

ಪ್ರತಿದಿನವೂ ಬೆಳಗ್ಗೆ ಐದು ನಿಮಿಷ: ಅಪರಿಚಿತನಂತೆ ಮೊಬೈಲಿನಲ್ಲಿ ನಿಮ್ಮ ತಾಣವನ್ನು ತೆರೆಯಿರಿ. ತೆರೆಯಿತೇ? ಇಂದಿನ ಬೆಲೆ ಸರಿಯಾಗಿದೆಯೇ? ಮುಗಿದ ಸರಕಿನ ಮುಂದೆ ‘ಮುಗಿದಿದೆ’ ಎಂದು ಬರೆದಿದೆಯೇ? ರಾತ್ರಿ ಬಂದ ಪತ್ರಗಳಿಗೆ ಉತ್ತರ ಹೋಯಿತೇ? ಆಲಿಕಲ್ಲಿನ ಮಳೆ ಬಿದ್ದು ಹಣ್ಣು ಕೆಟ್ಟಿದ್ದರೆ, ಆ ದಿನವೇ ಅದನ್ನು ಬರೆಯುವುದು ಮರ್ಯಾದೆ. ನಿಜ ಹೇಳಿದವನಿಗಾಗಿ ಗಿರಾಕಿಯು ವಾರ ಕಾಯುತ್ತಾನೆ.

ವಾರಕ್ಕೊಮ್ಮೆ: ನೀವೇ ಒಂದು ಆರ್ಡರನ್ನು ಹಾಕಿ, ಹಣ ಬಂದು ಸೇರುವುದೇ, ರಸೀದಿ ಹೋಗುವುದೇ ನೋಡಿರಿ. ಆಮೇಲೆ ತಾಣದ ಒಂದು ನಕಲನ್ನು ತೆಗೆದಿಡಿ. ತಿಳಿದವರು ಹೇಳುವ ಕ್ರಮವೇನೆಂದರೆ, ಒಟ್ಟು ಮೂರು ಪ್ರತಿಗಳು, ಎರಡು ಬಗೆಯ ಸಾಧನಗಳ ಮೇಲೆ, ಅವುಗಳಲ್ಲಿ ಒಂದು ಬೇರೆ ಸ್ಥಳದಲ್ಲಿ. ಅಂಗಡಿಯ ಗಣಕದಲ್ಲಿ ಒಂದು, ಮನೆಯಲ್ಲಿಟ್ಟ ಡ್ರೈವಿನಲ್ಲಿ ಒಂದು ಇದ್ದರೆ, ತಾಣದಲ್ಲಿರುವುದೂ ಸೇರಿ ಲೆಕ್ಕ ಸರಿಹೋಗುತ್ತದೆ. ಗಿರಾಕಿಗಳ ವಿಳಾಸದ ಪಟ್ಟಿಯನ್ನಂತೂ ತಾಣದಲ್ಲಿ ಮಾತ್ರವೇ ಬಿಟ್ಟಿರಕೂಡದು.

ತಿಂಗಳಿಗೊಮ್ಮೆ: 2003ರಲ್ಲಿ ಹುಟ್ಟಿದ ವರ್ಡ್‌ಪ್ರೆಸ್ ಎಂಬ ಉಚಿತ ಸಾಧನದಿಂದ ಕಟ್ಟಿದ ತಾಣಗಳೇ ಲೋಕದಲ್ಲಿ ಹೆಚ್ಚು. ಅದಕ್ಕೂ ಅದರ ಜೊತೆಯ ಸಣ್ಣಪುಟ್ಟ ಉಪಕರಣಗಳಿಗೂ ಆಗಾಗ್ಗೆ ಹೊಸ ಆವೃತ್ತಿಗಳು ಬರುತ್ತಿರುತ್ತವೆ. ಅವು ಬಿದ್ದ ಹೆಂಚನ್ನು ಬದಲಾಯಿಸುವ ಕೆಲಸವಿದ್ದಂತೆ. ತಡಮಾಡಿದರೆ ಒಳಗೆ ಸೋರುತ್ತದೆ. ಮೊದಲು ನಕಲು ತೆಗೆದುಕೊಂಡು, ಅನಂತರ ಹೊಸ ಆವೃತ್ತಿಯನ್ನು ಹಾಕಿಕೊಳ್ಳಬೇಕು. ಉಪಯೋಗಿಸದ ಉಪಕರಣಗಳನ್ನು ಕಿತ್ತುಹಾಕಬೇಕು. ವಿಳಾಸದ ಪಕ್ಕದಲ್ಲಿ ‘ಸುರಕ್ಷಿತವಲ್ಲ’ ಎಂಬ ಎಚ್ಚರಿಕೆ ಬರುತ್ತಿದ್ದರೆ, ತಾಣದ ಭದ್ರತಾ ಪ್ರಮಾಣಪತ್ರದ ಅವಧಿಯು ಮುಗಿದಿರಬಹುದು. ಇದಕ್ಕೆ ಹಣ ತೆರಲೇಬೇಕೆಂದಿಲ್ಲ, 2015ರಿಂದ ‘ಲೆಟ್ಸ್ ಎನ್‌ಕ್ರಿಪ್ಟ್’ ಎಂಬ ಸಂಸ್ಥೆ ಉಚಿತವಾಗಿಯೇ ಕೊಡುತ್ತಿದೆ. ತೆಗೆದಿಟ್ಟ ನಕಲಿನಿಂದ ತಾಣವು ಮತ್ತೆ ಏಳುವುದೇ ಎಂಬುದನ್ನೂ ಆಗಾಗ ಪರೀಕ್ಷಿಸಬೇಕು. ಪರೀಕ್ಷಿಸದ ನಕಲು, ಬಿತ್ತಿ ನೋಡದ ಬೀಜದಂತೆ. ಮೊಳೆಯುವುದೋ ಇಲ್ಲವೋ ಹೇಳಬರುವುದಿಲ್ಲ.

ವರ್ಷಕ್ಕೊಮ್ಮೆ: ಇದಕ್ಕೆ ಆಯುಧಪೂಜೆಯ ದಿವಸಕ್ಕಿಂತ ಪ್ರಶಸ್ತವಾದ ದಿನ ಬೇರೆಯಿಲ್ಲವೆಂದು ನಮ್ಮ ಅಭಿಮತ. ತಕ್ಕಡಿಗೂ ಲಾರಿಗೂ ಕುಂಕುಮವಿಡುವ ದಿನವೇ, ತಾಣದ ಹೆಸರಿನ ಅವಧಿ, ಹೋಸ್ಟಿಂಗಿನ ಅವಧಿ, ಪರವಾನಗಿಗಳ ಅವಧಿ ಇವನ್ನೆಲ್ಲ ನೋಡಿ ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆಯುವುದು. ಮಾವಿನವರಿಗೆ ಆಗ ಬಿಡುವಿನ ಕಾಲ. ಚೈತ್ರ ಬರುವುದರೊಳಗಾಗಿ ಹೊಸ ಬೆಲೆಪಟ್ಟಿಯೂ ಹೊಸ ಚಿತ್ರಗಳೂ ಸಿದ್ಧವಾಗಬೇಕು. ಸುಗ್ಗಿಯ ನಡುವೆ ತಾಣವನ್ನು ಕೆಡವಿ ಕಟ್ಟುವ ಸಾಹಸಕ್ಕೆ ಕೈಹಾಕಬಾರದು. ಹಣ್ಣು ಮುಗಿದ ಮೇಲೂ ಬಾಗಿಲು ಮುಚ್ಚದೆ, “ಈ ಸಾಲಿನ ಹಣ್ಣು ಮುಗಿಯಿತು, ಮುಂದಿನ ಮೇ ತಿಂಗಳಿಗೆ ಬೇಕಾದವರು ಹೆಸರು ಬರೆಯಿಸಿ” ಎಂದು ಬರೆದಿಡಬೇಕು.

ಕಳ್ಳಕಾಕರ ಭಯ

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆಂಬ ಗಾದೆಯು ಈ ವಿಷಯಕ್ಕೆಂದೇ ಹುಟ್ಟಿದಂತಿದೆ. “ನಮ್ಮ ಸಣ್ಣ ಅಂಗಡಿಗೆ ಯಾರು ಕನ್ನ ಹಾಕುತ್ತಾರೆ?” ಎನ್ನಬೇಡಿ. ಜಾಲದ ಕಳ್ಳರು ಮನೆ ನೋಡಿ ಬರುವವರಲ್ಲ. ಬೀದಿಯ ಎಲ್ಲ ಬಾಗಿಲುಗಳನ್ನೂ ಯಂತ್ರದಿಂದ ತಳ್ಳಿ ನೋಡುವವರು. ಹೆಸರಿಗೆ, ಹೋಸ್ಟಿಂಗಿಗೆ, ಮಿಂಚಂಚೆಗೆ ಬೇರೆಬೇರೆಯಾದ, ಉದ್ದವಾದ ಗುಪ್ತಪದಗಳಿರಲಿ; ಮೊಬೈಲಿಗೆ ಬರುವ ಎರಡನೆಯ ಹಂತದ ಪರೀಕ್ಷೆಯನ್ನೂ ಜೊತೆಗೆ ಇಟ್ಟುಕೊಳ್ಳಿ. ಮರೆಯುವೆವೆಂಬ ಅಂಜಿಕೆಯಿದ್ದರೆ ಒಂದು ಪುಸ್ತಕದಲ್ಲಿ ಬರೆದು ಕಬ್ಬಿಣದ ಪೆಟ್ಟಿಗೆಯಲ್ಲಿಡಿ. ಮನೆಯಲ್ಲಿ ಇನ್ನೊಬ್ಬರಿಗೆ ಅದು ತಿಳಿದಿರಲಿ. ಯಜಮಾನರಿಗೆ ಖಾಯಿಲೆಯಾದರೆ ವ್ಯಾಪಾರವೂ ಹಾಸಿಗೆ ಹಿಡಿಯಬಾರದಷ್ಟೆ.

‘ನಿಮ್ಮ ತಾಣದ ಹೆಸರು ಇಂದೇ ರದ್ದಾಗುತ್ತದೆ, ಈ ಕೊಂಡಿಯನ್ನು ಒತ್ತಿ ಹಣ ಕಟ್ಟಿ’ ಎಂಬ ಹುಸಿಪತ್ರಗಳು ಬರುವುದುಂಟು. ಪತ್ರದ ಕೊಂಡಿಯನ್ನು ಮುಟ್ಟದೆ, ನೀವು ಹೆಸರನ್ನು ಕೊಂಡ ಸಂಸ್ಥೆಯ ತಾಣಕ್ಕೇ ನೇರವಾಗಿ ಹೋಗಿ ನೋಡಿರಿ. ಇನ್ನೊಂದು ಬಗೆಯ ಮೋಸವುಂಟು: ದೊಡ್ಡ ಆರ್ಡರು ಕೊಡುವೆನೆಂದು ಮಾತನಾಡಿಸಿ, “ಹಣ ಕಳುಹಿಸುತ್ತೇನೆ, ಈ ಚೌಕದ ಗುರುತನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿ” ಎನ್ನುವರು. 2016ರಲ್ಲಿ ಬಂದ ಯು.ಪಿ.ಐ. ಪದ್ಧತಿಯಲ್ಲಿ ಪಿನ್ ಬೇಕಾಗುವುದು ಹಣ ಕೊಡುವುದಕ್ಕೇ ಹೊರತು ಪಡೆಯುವುದಕ್ಕಲ್ಲ. ಇದೊಂದು ಮಾತನ್ನು ಗಲ್ಲಾಪೆಟ್ಟಿಗೆಯ ಮೇಲೆ ಬರೆದು ಅಂಟಿಸಿದರೂ ತಪ್ಪಿಲ್ಲ. ಆದರೂ ಮೋಸಹೋದರೆ ನಾಚಿಕೊಂಡು ಕುಳಿತಿರದೆ, ಆ ಗಳಿಗೆಯಲ್ಲಿಯೇ 1930 ಎಂಬ ಸಂಖ್ಯೆಗೆ ಕರೆಮಾಡಬೇಕು. ಬೇಗ ತಿಳಿಸಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.

ಕಾನೂನೂ ನಂಬಿಕೆಯೂ

ಜಾಲದ ಮೂಲಕ ಸ್ವಂತ ಸರಕನ್ನು ಮಾರುವವರಿಗೂ 2020ರ ಇ-ವಾಣಿಜ್ಯದ ಗ್ರಾಹಕ ಸಂರಕ್ಷಣಾ ನಿಯಮಗಳು ಅನ್ವಯಿಸುತ್ತವೆ. ವ್ಯಾಪಾರದ ನಿಜನಾಮ, ವಿಳಾಸ, ದೂರು ಕೇಳುವವರ ಹೆಸರು ಮತ್ತು ಸಂಪರ್ಕ ತಾಣದಲ್ಲಿ ಕಾಣಬೇಕು. ದೂರು ಬಂದ 48 ಗಂಟೆಗಳೊಳಗೆ ‘ನಿಮ್ಮ ದೂರು ತಲುಪಿತು’ ಎಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಸರಕು ಹಿಂದಿರುಗಿಸುವುದು, ಹಣ ಮರಳಿಸುವುದು, ಸಾಗಣೆ ಇವುಗಳ ಷರತ್ತುಗಳನ್ನು ಮೊದಲೇ ಬರೆದಿರಬೇಕು. ಗಿರಾಕಿಯ ವೇಷದಲ್ಲಿ ನಮ್ಮ ಸರಕನ್ನು ನಾವೇ ಹೊಗಳಿ ಬರೆಯುವುದು ಈ ನಿಯಮಗಳ ಪ್ರಕಾರ ನಿಷಿದ್ಧ. ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಹಪ್ಪಳ, ಚಟ್ನಿಪುಡಿಗಳನ್ನು ಮಾರುವ ಗೃಹಿಣಿಯರು ಆಹಾರ ಸುರಕ್ಷತಾ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಂಡು, 14 ಅಂಕಿಗಳ ಆ ಸಂಖ್ಯೆಯನ್ನು ಡಬ್ಬಿಯ ಮೇಲೂ ತಾಣದಲ್ಲಿಯೂ ತೋರಿಸತಕ್ಕದ್ದು.

ಗಿರಾಕಿಗಳ ಹೆಸರು, ವಿಳಾಸ, ಸಂಖ್ಯೆಗಳ ವಿಷಯದಲ್ಲಿ 2023ರಲ್ಲಿ ಪ್ರತ್ಯೇಕವಾದ ಕಾಯಿದೆಯೇ ಆಗಿದೆ. ಕಾಯಿದೆಯ ಮಾತು ಹಾಗಿರಲಿ. ನಮ್ಮನ್ನು ನಂಬಿ ಮನೆಯ ವಿಳಾಸ ಕೊಟ್ಟವರ ಪಟ್ಟಿಯನ್ನು ಇನ್ನೊಬ್ಬ ವ್ಯಾಪಾರಿಗೆ ಮಾರುವುದು, ಊಟಕ್ಕೆ ಬಂದವರ ಜೋಡನ್ನು ಅಡವಿಟ್ಟಂತೆ. ಅವಶ್ಯವಿದ್ದಷ್ಟನ್ನೇ ಕೇಳಿರಿ, ಕೇಳಿದುದನ್ನು ಜೋಪಾನವಾಗಿಡಿರಿ.

ಎಷ್ಟು ಜನ ತಾಣಕ್ಕೆ ಬಂದು ಹೋದರೆಂಬ ಲೆಕ್ಕಕ್ಕೆ ಮರುಳಾಗಬೇಡಿ. ಸಂತೆಯಲ್ಲಿ ಸುತ್ತಾಡುವವರೆಲ್ಲ ಕೊಳ್ಳುವವರಲ್ಲ. ಕರೆಮಾಡಿದ ಪ್ರತಿಯೊಬ್ಬರನ್ನೂ, “ನಮ್ಮ ವಿಷಯ ತಮಗೆ ಎಲ್ಲಿ ತಿಳಿಯಿತು?” ಎಂದು ಕೇಳಿ ಪುಸ್ತಕದಲ್ಲಿ ಗುರುತುಹಾಕಿ. ಒಂದು ಸುಗ್ಗಿ ಕಳೆಯುವುದರೊಳಗೆ, ತಾಣಕ್ಕೆ ಮಾಡಿದ ಖರ್ಚು ಸಾರ್ಥಕವಾಯಿತೇ ಎಂಬುದು ಆ ಪುಸ್ತಕದಿಂದಲೇ ತಿಳಿಯುತ್ತದೆ.

ತಾನು ಮಾಡುವುದು ಉತ್ತಮ, ಮಗ ಮಾಡುವುದು ಮಧ್ಯಮ, ಆಳು ಮಾಡುವುದು ಹಾಳು ಎಂದು ಹಿರಿಯರು ಹೇಳಿದ್ದಾರೆ. ತಾಣದ ಕಟ್ಟಡವನ್ನು ತಿಳಿದವರಿಂದಲೇ ಮಾಡಿಸಬಹುದು; ಅದರ ನಿಗಾ ಮಾತ್ರ ಮನೆಯವರದೇ ಆಗಿರಬೇಕು. ನಮ್ಮ ಶ್ರೀನಿವಾಸಪುರದ ಮಿತ್ರರು ಮರುವರ್ಷ ಬೇರೊಂದು ಹೆಸರನ್ನು ಕೊಂಡರು. ಈ ಸಲ ಅದು ಅವರ ಹೆಸರಿನಲ್ಲಿಯೇ ಇದೆ; ಐದು ವರ್ಷದ ಹಣವನ್ನು ಒಟ್ಟಿಗೆ ಕಟ್ಟಿದ್ದಾರೆ. ಬೆಳಗಿನ ಐದು ನಿಮಿಷದ ಕೆಲಸವನ್ನು ಅವರ ಮನೆಯಾಕೆಯೇ ವಹಿಸಿಕೊಂಡಿದ್ದಾರೆ. ಕಳೆದುಹೋದ ಗಿರಾಕಿಗಳಲ್ಲಿ ಎಲ್ಲರೂ ಮರಳಿ ಬರಲಿಲ್ಲ. ಕೆಲವರು ಬಂದರು, ಬಂದವರು ಇನ್ನೂ ಕೆಲವರನ್ನು ಕರೆತಂದರು. ಕಳೆದ ಬಾರಿ ನಾವು ಅವರ ಮನೆಗೆ ಹೋಗಿದ್ದಾಗ ಆಕೆ ದೇವರ ಮುಂದೆ ದೀಪ ಹಚ್ಚಿ ಬಂದು, ಮೊಬೈಲನ್ನು ಕೈಗೆತ್ತಿಕೊಂಡು, “ಬಾಗಿಲು ತೆರೆದಿದೆಯೋ ನೋಡಿಬಿಡುತ್ತೇನೆ” ಎಂದರು. ಬೀದಿಯ ಬಾಗಿಲು ತೆರೆದೇ ಇದ್ದಿತು. ಆಕೆ ಹೇಳಿದುದು ಇನ್ನೊಂದರ ಮಾತು.